ಬಂಧುಗಳಿಲ್ಲದ ಸುದ್ದಿ: ಸುಡಾನ್ ಎಂದರೆ ಮೌನ, ಟ್ರಂಪ್ ಎಂದರೆ ಜಗಳ

ಪ್ರಶ್ನೆ: ನಾನು ಪುತ್ತೂರು ಕಡೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ 84 ಜನ ಇದ್ದಾರೆ, ಅಡ್ಮಿನ್ ನಾನೇ. ಮಗ ಎಚ್‌-1ಬಿ ವೀಸಾದಲ್ಲಿ ಡಾಲಸ್‌ನಲ್ಲಿದ್ದಾನೆ, ಭಾವ ಶಾರ್ಜಾದಲ್ಲಿ. ಪತ್ರಿಕೆಗಳು ಬಿಟ್ಟುಬಿಡುವ ವಿದೇಶ ಸುದ್ದಿಗಳನ್ನು ಹುಡುಕಿ ಗುಂಪಿಗೆ ಹಾಕುವುದು ನಿವೃತ್ತಿಯ ನಂತರ ಅಂಟಿಕೊಂಡ ಅಭ್ಯಾಸ. ಸುಡಾನ್, ಕಾಂಗೊ, ಮ್ಯಾನ್ಮಾರ್ ಹೀಗೆ. ‘ಇದಕ್ಕೇಕೆ ಯಾರೂ ಮಾತಾಡುವುದಿಲ್ಲ?’ ಎಂದು ಮೇಲೆ ಬರೆದು ಹಾಕುತ್ತೇನೆ. ಬ್ಲೂಟಿಕ್ ಬೀಳುತ್ತದೆ, ಉತ್ತರ ಇಲ್ಲ. ಒಬ್ಬ ತಮ್ಮ ಮಾತ್ರ, ಸುಡಾನಿನಲ್ಲಿ ಸತ್ತವರು ಒಂದು ಕಡೆ 20 ಸಾವಿರ, ಇನ್ನೊಂದು ಕಡೆ ಒಂದೂವರೆ ಲಕ್ಷ, ಎಲ್ಲ ಸುಳ್ಳು ಎಂದ. ಅದೇ ಟ್ರಂಪ್ ಬಗ್ಗೆ ಒಂದು ಸಾಲು ಹಾಕಿದರೆ ರಾತ್ರಿಯಿಡೀ ಜಗಳ. ದೊಡ್ಡಪ್ಪನ ಮಗ ಗುಂಪನ್ನೇ ಬಿಟ್ಟುಹೋದ. ಮಗ ಈಗ, ‘ಅಪ್ಪಾ, ನನ್ನ ವೀಸಾ ಸ್ಟಾಂಪಿಂಗ್ ಮುಗಿಯುವವರೆಗೆ ಸುಮ್ಮನಿರಿ’ ಎನ್ನುತ್ತಿದ್ದಾನೆ. ಮಾಧ್ಯಮಗಳು ಬೇಕೆಂದೇ ಇಂಥ ಸುದ್ದಿ ಮುಚ್ಚಿಡುತ್ತವೆಯೇ? ನಾನು ಹಾಕುವುದರಿಂದ ಮಗನಿಗೆ ನಿಜಕ್ಕೂ ತೊಂದರೆ ಇದೆಯೇ? ಅಥವಾ ನಿಲ್ಲಿಸಿಬಿಡಲೇ?

ಉತ್ತರ: ಮಾಸ್ಟ್ರೇ, ನಿಮ್ಮ ಕಡೆ ಹಾಗೇ ಕರೆಯುತ್ತಾರಲ್ಲ, ನಾನೂ ಹಾಗೇ ಕರೆಯುತ್ತೇನೆ. ನಿಲ್ಲಿಸಬೇಡಿ. ಆದರೆ ಹಾಕುವ ರೀತಿ ಬದಲಾಗಬೇಕು. ಯಾವುದನ್ನು ಎಲ್ಲಿ ಹಾಕಬಾರದು ಎಂಬುದೂ ನಿಮಗೆ ಗೊತ್ತಿರಬೇಕು. ಮಗನ ಆತಂಕಕ್ಕಿಂತ ದೊಡ್ಡ ಅಪಾಯ ನಿಮ್ಮ ಗುಂಪಿನಲ್ಲಿ ಇನ್ನೊಂದು ಕಡೆ ಕೂತಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಮುಚ್ಚಿಡುವ ವಿಷಯ. ನಾನು ಒಂದು ಕನ್ನಡ ದಿನಪತ್ರಿಕೆಯ ಡೆಸ್ಕ್‌ನಲ್ಲಿ 22 ವರ್ಷ ಕೂತವನು, ಅದರಲ್ಲಿ ಬಹುಪಾಲು ವಿದೇಶ ಪುಟ ನೋಡಿಕೊಂಡೆ. ಸಂಜೆಯ ಹೊತ್ತಿಗೆ ಏಜೆನ್ಸಿ ಕಾಪಿ ನೂರಾರು ಬಂದು ಬೀಳುತ್ತಿತ್ತು. ಪುಟದ ಅರ್ಧ ಜಾಹೀರಾತಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ಐದಾರು ಸುದ್ದಿ ಹಿಡಿದರೆ ಹೆಚ್ಚು. ಅಷ್ಟು ವರ್ಷದಲ್ಲಿ ಆಫ್ರಿಕಾದ ಯುದ್ಧದ ಸುದ್ದಿ ಹಾಕಬೇಡಿ ಎಂದು ನನಗೆ ಒಬ್ಬರೂ ಫೋನ್ ಮಾಡಿಲ್ಲ. ಯಾಕೆ ಹಾಕಲಿಲ್ಲ ಎಂದು ಕೇಳಿಯೂ ಯಾರೂ ಫೋನ್ ಮಾಡಲಿಲ್ಲ. ಕಾಯಿಲೆ ಇರುವುದು ಈ ಎರಡನೆಯದರಲ್ಲಿ. ಭವಿಷ್ಯದ ಕಾಲಂ ಒಂದು ದಿನ ತಪ್ಪಿದರೆ ಬೆಳಿಗ್ಗೆ ಏಳಕ್ಕೇ ಫೋನ್ ಶುರುವಾಗುತ್ತಿತ್ತು.

ಸುದ್ದಿಗೂ ಬಂಧುಬಳಗ ಬೇಕು ಮಾಸ್ಟ್ರೇ. ಕೇಳುವವರಿಲ್ಲದ ಸುದ್ದಿ ಒಳಪುಟದ ಸಿಂಗಲ್ ಕಾಲಂಗೆ ಹೋಗುತ್ತದೆ, ಅಲ್ಲಿಂದ ಕಸದಬುಟ್ಟಿಗೆ. ಇದಕ್ಕೆ ಸುಡಾನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ, ಅದೂ ಕರ್ನಾಟಕದ್ದೇ ಉದಾಹರಣೆ. 2023ರ ಏಪ್ರಿಲ್ 15ರಂದು ಅಲ್ಲಿ ಸೇನೆಯ ಮುಖ್ಯಸ್ಥ ಬುರ್ಹಾನ್ ಮತ್ತು ಆರ್‌ಎಸ್‌ಎಫ್ ಎಂಬ ಅರೆಸೇನಾಪಡೆಯ ಮುಖ್ಯಸ್ಥ ಹೆಮೆಟಿ ನಡುವೆ ಯುದ್ಧ ಶುರುವಾಯಿತು. ಮೂರೇ ದಿನದಲ್ಲಿ ಅದು ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಸಮುದಾಯದ 31 ಜನ ಗಿಡಮೂಲಿಕೆ ಔಷಧ ಮಾರಲು ಹೋಗಿ ಸಿಕ್ಕಿಬಿದ್ದಿದ್ದರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ರೇಗಿ ಉತ್ತರಿಸಿದರು, ಮೇ 10ಕ್ಕೆ ವಿಧಾನಸಭಾ ಚುನಾವಣೆ ಬೇರೆ. ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ 3,862 ಜನರನ್ನು ಸುಡಾನಿನಿಂದ ಕರೆತಂದರು. ನಮ್ಮವರು ಬಂದಿಳಿದರು, ಫೋಟೊ ಬಂತು, ಸುಡಾನ್ ಮುಗಿಯಿತು.

ಆ ಹಕ್ಕಿಪಿಕ್ಕಿಗಳು ಅನ್ನ ನೀರಿಲ್ಲದೆ ಬಾಡಿಗೆ ಮನೆಯಲ್ಲಿ ಕೂತಿದ್ದ ಊರಿನ ಹೆಸರು ಎಲ್ ಫಾಶರ್. ಅದೇ ಊರನ್ನು ಆರ್‌ಎಸ್‌ಎಫ್ ಸುಮಾರು 18 ತಿಂಗಳು ಮುತ್ತಿಗೆ ಹಾಕಿ, ಜನ ದನದ ಮೇವು ತಿನ್ನುವ ಸ್ಥಿತಿಗೆ ತಂದು, 2025ರ ಅಕ್ಟೋಬರ್ 26ರಂದು ವಶಪಡಿಸಿಕೊಂಡಿತು. ನಂತರ ನಡೆದದ್ದು ಸಾಮೂಹಿಕ ಹತ್ಯೆ. ಊರು ಅದೇ, ಬೀದಿಗಳು ಅವೇ, ನಮ್ಮವರ ಬಾಡಿಗೆ ಮನೆಯ ಅಕ್ಕಪಕ್ಕದವರೂ ಬಹುಶಃ ಅವರೇ. ಈ ಸಲ ಅಲ್ಲಿ ಚನ್ನಗಿರಿಯವರು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಇದು ಕನ್ನಡ ಪತ್ರಿಕೆಗಳೊಂದರ ದೋಷ ಅಲ್ಲ. ನಾರ್ವೆಯ ಯೋಹಾನ್ ಗಾಲ್ಟುಂಗ್ ಮತ್ತು ಮಾರಿ ರೂಗೆ 1965ರಲ್ಲೇ ಇದನ್ನು ಅಧ್ಯಯನ ಮಾಡಿ ಬರೆದಿದ್ದರು. ಹತ್ತಿರದ್ದು, ದೊಡ್ಡ ದೇಶದ್ದು, ದೊಡ್ಡ ಮನುಷ್ಯರದ್ದು, ಥಟ್ಟನೆ ಆಗಿದ್ದು ಸುದ್ದಿಯಾಗುತ್ತದೆ. ದೂರದ್ದು, ಬಡವರದ್ದು, ನಿಧಾನಕ್ಕೆ ಆಗುವುದು ಆಗುವುದಿಲ್ಲ. ಇನ್ನೂ ಕಟುವಾದ ಲೆಕ್ಕ ಅಮೆರಿಕದ ಟಿ.ವಿ. ವಾಹಿನಿಗಳದ್ದು. 1968ರಿಂದ 2002ರವರೆಗಿನ ಸುಮಾರು 5,000 ವಿಕೋಪಗಳನ್ನು ತೆಗೆದುಕೊಂಡು ಇಬ್ಬರು ಅರ್ಥಶಾಸ್ತ್ರಜ್ಞರು ನೋಡಿದರು. ಒಲಿಂಪಿಕ್ಸ್ ನಡೆಯುವಾಗ ಬಂದ ವಿಕೋಪಕ್ಕೆ ಸುದ್ದಿಯೂ ಕಡಿಮೆ, ಅದರ ಬೆನ್ನಿಗೇ ಅಮೆರಿಕದ ನೆರವೂ ಕಡಿಮೆ. ಜ್ವಾಲಾಮುಖಿಯಲ್ಲಿ ಒಬ್ಬರು ಸತ್ತರೆ ಸಿಗುವಷ್ಟು ಗಮನ ಆಹಾರದ ಅಭಾವಕ್ಕೆ ಸಿಗಬೇಕಾದರೆ ಸುಮಾರು 40,000 ಜನ ಸಾಯಬೇಕು. ಬೆಂಕಿಗೆ ಚಿತ್ರವಿದೆ, ಹಸಿವಿಗಿಲ್ಲ.

ಹಾಗಾದರೆ ಮುಚ್ಚಿಡುವವರೇ ಇಲ್ಲವೇ ಎಂದರೆ, ಇದ್ದಾರೆ. ಆದರೆ ಅವರು ಸುದ್ದಿ ಹುಟ್ಟುವ ಕಡೆ ಇದ್ದಾರೆ. ಎಲ್ ಫಾಶರ್‌ಗೆ ಹೊರಗಿನ ವರದಿಗಾರರು ಕಾಲಿಡಲಾಗಲಿಲ್ಲ, ಫೋನ್ ಇಂಟರ್ನೆಟ್ ಕಡಿತವಾಗಿತ್ತು. ಊರು ಬಿದ್ದ ಮೇಲೆ ಏನಾಯಿತೆಂದು ಜಗತ್ತಿಗೆ ತಿಳಿದದ್ದಕ್ಕೆ ದೊಡ್ಡ ಆಧಾರ ಯೇಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯ ಓದಿದ ಉಪಗ್ರಹ ಚಿತ್ರಗಳು, ತಪ್ಪಿಸಿಕೊಂಡು ಬಂದವರ ಮಾತು, ಮತ್ತು ಕೊಂದವರೇ ಹೆಮ್ಮೆಯಿಂದ ಹಾಕಿಕೊಂಡ ವಿಡಿಯೊಗಳು. ಇಷ್ಟಾದ ಮೇಲೆ ಬಿಬಿಸಿ, ರಾಯಿಟರ್ಸ್, ಅಲ್‌ ಜಜೀರಾ ಎಲ್ಲರೂ ವರದಿ ಮಾಡಿದರು. ಹುಡುಕಿದರೆ ಸಿಗುತ್ತದೆ. ಹುಡುಕುವವರಿಲ್ಲ ಎನ್ನುವುದು ಬೇರೆ ಮಾತು. ‘ಯಾವ ಮಾಧ್ಯಮವೂ ತೋರಿಸದ ಸತ್ಯ’ ಎಂಬ ತಲೆಬರಹದ ಫಾರ್ವರ್ಡ್ ಬಂದರೆ ನಾನು ಮೊದಲು ಅನುಮಾನಿಸುವುದು ಆ ತಲೆಬರಹವನ್ನೇ. ಎಲ್ ಫಾಶರ್ ಬಿದ್ದ ವಾರ ಎಐಯಿಂದ ಮಾಡಿದ ಚಿತ್ರಗಳೂ ನಿಜದ ಚಿತ್ರಗಳ ಜೊತೆ ಬೆರೆತು ಹರಿದಾಡಿದವು. ನಿಜಕ್ಕೆ ಕೊರತೆ ಇಲ್ಲದ ಕಡೆಯೂ ಸುಳ್ಳು ಬೇಕಾಗುತ್ತದಲ್ಲ, ಅದು ನನಗೆ ಇನ್ನೂ ಅರ್ಥವಾಗಿಲ್ಲ.

ನಿಮ್ಮ ತಮ್ಮನ ಸಂದೇಹ ತಳ್ಳಿಹಾಕುವಂಥದ್ದಲ್ಲ. 20 ಸಾವಿರ ಎಂಬುದು ಎಣಿಸಿದ ಹೆಣಗಳ ಲೆಕ್ಕದ ಹತ್ತಿರದ್ದು, ಒಂದೂವರೆ ಲಕ್ಷ ಎಂಬುದು ಅಮೆರಿಕದ ವಿಶೇಷ ರಾಯಭಾರಿ 2024ರಲ್ಲಿ ಹೇಳಿದ ಗರಿಷ್ಠ ಅಂದಾಜು. ನಡುವೆ ಲಂಡನ್ನಿನ ಸಾರ್ವಜನಿಕ ಆರೋಗ್ಯ ಸಂಶೋಧಕರ ಲೆಕ್ಕವೊಂದಿದೆ. ಖಾರ್ತೂಮ್ ರಾಜ್ಯವೊಂದರಲ್ಲೇ ಮೊದಲ 14 ತಿಂಗಳಲ್ಲಿ 61,000ಕ್ಕೂ ಹೆಚ್ಚು ಸಾವು, ಅದರಲ್ಲಿ ಸುಮಾರು 26,000 ನೇರ ಹಿಂಸೆಯಿಂದ. ಉಳಿದದ್ದು ಬೇರೆ ಎಲ್ಲ ಕಾರಣಗಳ ಸಾವು, ಹಸಿವು, ಕಾಯಿಲೆ ಸೇರಿ. ಒಂದೊಂದು ಸಂಖ್ಯೆ ಒಂದೊಂದನ್ನು ಎಣಿಸುತ್ತದೆ. ನೀವು ಗುಂಪಿಗೆ ಸಂಖ್ಯೆ ಹಾಕುವಾಗ ಎಣಿಸಿದವರು ಯಾರು, ಏನನ್ನು, ಯಾವಾಗ ಎಂಬ ಮೂರು ಮಾತು ಸೇರಿಸಿದ್ದರೆ ತಮ್ಮನಿಗೆ ಆ ಬಾಗಿಲು ಸಿಗುತ್ತಿರಲಿಲ್ಲ. ಮನೆ ಬಿಟ್ಟವರು 1 ಕೋಟಿ 20 ಲಕ್ಷದ ಆಸುಪಾಸು ಎಂಬುದು ವಿಶ್ವಸಂಸ್ಥೆಯ ಲೆಕ್ಕ, ಅದರಲ್ಲಿ ಅಷ್ಟೊಂದು ಜಗಳವಿಲ್ಲ.

ಈಗ ‘ಇದಕ್ಕೇಕೆ ಯಾರೂ ಮಾತಾಡುವುದಿಲ್ಲ?’ ಎಂಬ ನಿಮ್ಮ ಸಾಲು. ಕ್ಷಮಿಸಿ ಮಾಸ್ಟ್ರೇ, ನಿಮ್ಮ ಗುಂಪಿನ ಮೌನದಲ್ಲಿ ಅರ್ಧ ಪಾಲು ಆ ಸಾಲಿನದು. ಅದರಲ್ಲಿ ಸುಡಾನ್ ಇಲ್ಲ, ಓದುವವನ ಮೇಲೆ ದೂರು ಇದೆ. ಅಡುಗೆಮನೆಯಲ್ಲಿ ನಿಂತು ಮೊಬೈಲ್ ನೋಡುವ ನಿಮ್ಮ ತಂಗಿಗೆ ತನ್ನ ಮೇಲೇ ಆರೋಪ ಬಂದಂತೆ ಅನಿಸುತ್ತದೆ, ಸುಮ್ಮನೆ ಮುಂದೆ ಸರಿಯುತ್ತಾಳೆ. ಇನ್ನೂ ಒಂದು ತೊಂದರೆ ಇದೆ. ಈ ಸಾಲನ್ನು ಬೇರೆಯವರು ಬೇರೆ ಕಾರಣಕ್ಕೆ ತಿರುಗಿಸಿಕೊಂಡಾಗಿದೆ: ಗಾಜಾಕ್ಕೆ ಅತ್ತವರು ಸುಡಾನಿಗೆ ಏಕೆ ಅಳಲಿಲ್ಲ, ಸುಡಾನಿಗೆ ಅತ್ತವರು ಬಾಂಗ್ಲಾದೇಶಕ್ಕೆ ಏಕೆ ಅಳಲಿಲ್ಲ. ಅಲ್ಲಿ ಸುಡಾನ್ ಒಂದು ಕೋಲು, ಹೊಡೆಯುವುದು ಎದುರಿಗಿರುವವನಿಗೆ. ನೀವು ಆ ಥರದವರಲ್ಲ ಎಂದು ನಿಮ್ಮ ಪತ್ರ ಹೇಳುತ್ತದೆ. ಆದರೆ ಗುಂಪಿನಲ್ಲಿ ನಿಮ್ಮ ಸಾಲಿಗೂ ಅವರ ಸಾಲಿಗೂ ವ್ಯತ್ಯಾಸ ಕಾಣುವುದಿಲ್ಲ.

ಹಕ್ಕಿಪಿಕ್ಕಿಗಳಿಂದ ಶುರುಮಾಡಿ ನೋಡಿ. ‘2023ರಲ್ಲಿ ನಮ್ಮ ಹುಣಸೂರಿನವರು ಸಿಕ್ಕಿಬಿದ್ದಿದ್ದ ಊರು ನೆನಪಿದೆಯೇ? ಅದು ಈಗ ಹೀಗಾಗಿದೆ’ ಎಂದು ನಾಲ್ಕು ಸಾಲು ನಿಮ್ಮದೇ ಮಾತಿನಲ್ಲಿ. ವಾರಕ್ಕೆ ಒಂದೇ ಸುದ್ದಿ. ಒಂದೇ ಕೊಂಡಿ. ಹೆಣದ ಫೋಟೊ ಬೇಡವೇ ಬೇಡ, ಗುಂಪಿನಲ್ಲಿ ಮಕ್ಕಳಿರುತ್ತಾರೆ. ಅದೇ ದೇಶವನ್ನು ತಿಂಗಳುಗಟ್ಟಲೆ ಹಿಡಿದುಕೊಳ್ಳಿ. ಇವತ್ತು ಕಾಂಗೊ, ನಾಳೆ ಮ್ಯಾನ್ಮಾರ್, ನಾಡಿದ್ದು ಕ್ಯಾಮರೂನ್ ಎಂದು ಹಾರಿದರೆ ಯಾವುದಕ್ಕೂ ಬಂಧುಗಳು ಹುಟ್ಟುವುದಿಲ್ಲ. ಕ್ಯಾಮರೂನ್ ಎಂದೆ ನೋಡಿ, ನಾರ್ವೆಯ ನಿರಾಶ್ರಿತರ ಮಂಡಳಿ ಪ್ರತಿವರ್ಷ ಪ್ರಕಟಿಸುವ ಅತಿ ಕಡೆಗಣಿಸಿದ ಸಂಕಟಗಳ ಪಟ್ಟಿಯಲ್ಲಿ 2024ಕ್ಕೆ ಮೊದಲ ಸ್ಥಾನ ಅದಕ್ಕೇ. ಹಕ್ಕಿಪಿಕ್ಕಿಗಳಂಥ ನಂಟು ಎಲ್ಲದಕ್ಕೂ ಸಿಗುವುದಿಲ್ಲ. ಸಿಗದ ಕಡೆ ಬಲವಂತವಾಗಿ ಹುಟ್ಟಿಸಬೇಡಿ.

ಇನ್ನು ಅಮೆರಿಕದ ರಾಜಕೀಯ. ಇಲ್ಲಿ ಸುದ್ದಿಗೆ ಬಂಧುಗಳು ಬೇಕಾದಷ್ಟಿದ್ದಾರೆ, ಅದೇ ಕಷ್ಟ. ನಿಮ್ಮ ಮನೆಯಲ್ಲೇ ಒಬ್ಬನಿದ್ದಾನೆ. ನನ್ನ ಅನುಭವದಲ್ಲಿ ಇಂಥ ಗುಂಪುಗಳ ಜಗಳ ಬಹಳಷ್ಟು ಸಲ ಅಭಿಪ್ರಾಯದ್ದಲ್ಲ. ಸುದ್ದಿ ಯಾವ ಹಂತದಲ್ಲಿದೆ ಎಂದು ಇಬ್ಬರಿಗೂ ತಿಳಿಯದೆ ಆಗುವ ಜಗಳ. ಅಮೆರಿಕದಿಂದ ಊರಿಗೆ ಕಳಿಸುವ ಹಣದ ಮೇಲಿನ ತೆರಿಗೆ ನೆನಪಿದೆಯಲ್ಲ? 2025ರ ಮೇಯಲ್ಲಿ ಕರಡು ಬಂದಾಗ 5%. ಕೆಳಮನೆ ಒಪ್ಪಿದಾಗ 3.5%. ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನಿನಲ್ಲಿ 1%, ಅದೂ ನಗದು, ಮನಿ ಆರ್ಡರ್ ಥರದ್ದಕ್ಕೆ ಮಾತ್ರ, ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ. ಐದು ಎಂದವನೂ ಸರಿ, ಒಂದು ಎಂದವನೂ ಸರಿ, ಬೇರೆ ಬೇರೆ ತಿಂಗಳಲ್ಲಿ! ಹೊರಗುತ್ತಿಗೆಗೆ 25% ತೆರಿಗೆ ಹಾಕುವ ಮಸೂದೆಯನ್ನು ಸೆನೆಟರ್ ಬರ್ನಿ ಮೊರೆನೊ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಂಡಿಸಿದರು. ಬೆಂಗಳೂರಿನ ಐಟಿ ಕಥೆ ಮುಗಿಯಿತು ಎಂಬ ಫಾರ್ವರ್ಡ್ ನನಗೆ ಆ ವಾರ ಆರು ಸಲ ಬಂತು. ಅಮೆರಿಕದ ಸಂಸತ್ತಿನ ಒಂದು ಅವಧಿಯಲ್ಲಿ ಮಂಡನೆಯಾಗುವ ಮಸೂದೆಗಳು ಹತ್ತು ಸಾವಿರ ದಾಟುತ್ತವೆ, ಕಾನೂನಾಗುವುದು ಕೆಲವೇ ನೂರು. ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು ಸಾಮಾನ್ಯವಾಗಿ 100ರಲ್ಲಿ 60 ಮತ ಬೇಕು. ಒಬ್ಬ ಸೆನೆಟರ್ ಕಾಗದ ಮಂಡಿಸುವುದಕ್ಕೂ ಕಾನೂನಿಗೂ ನಡುವೆ ದೊಡ್ಡ ಘಟ್ಟವೇ ಇದೆ.

ಅಧಿಕಾರದಲ್ಲಿರುವವರೇ ತಪ್ಪು ಹೇಳುವುದೂ ಉಂಟು. 2025ರ ಸೆಪ್ಟೆಂಬರ್ 19, ಶುಕ್ರವಾರ ಎಚ್‌-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತು. ವಾಣಿಜ್ಯ ಸಚಿವರು ಅದು ಪ್ರತಿವರ್ಷ ಎಂದರು. ನಮ್ಮಲ್ಲಿ ಆಗಲೇ ಶನಿವಾರ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ. ಪಿತೃಪಕ್ಷಕ್ಕೆ, ದಸರೆಗೆ ಬಂದಿದ್ದ ಹುಡುಗರಿಗೆ ಭಾನುವಾರದೊಳಗೆ ಅಮೆರಿಕ ಮುಟ್ಟಿ ಎಂದು ಕಂಪನಿಗಳಿಂದ ಇಮೇಲ್. ನನ್ನ ಅಕ್ಕನ ಮಗ ಎಡೆ ಹಾಕುವ ಮೊದಲೇ ವಿಮಾನ ನಿಲ್ದಾಣಕ್ಕೆ ಹೊರಟಿದ್ದ. ಮರುದಿನ ಶ್ವೇತಭವನ ಸ್ಪಷ್ಟನೆ ಕೊಟ್ಟಿತು: ಒಂದೇ ಸಲದ ಶುಲ್ಕ, ಹೊಸ ಅರ್ಜಿಗಳಿಗೆ ಮಾತ್ರ. ಆ ಒಂದು ದಿನ ಫಾರ್ವರ್ಡ್ ಮಾಡಿದವರು ಯಾರೂ ಸುಳ್ಳುಗಾರರಲ್ಲ. ಸಚಿವರ ಮಾತನ್ನೇ ಮಾಡಿದ್ದರು. ಅಮೆರಿಕದ ಇಂಥ ಸುದ್ದಿಗೆ ನಾನು 24 ಗಂಟೆಯ ಮಡಿ ಹಾಕಿಕೊಂಡದ್ದು ಅಂದಿನಿಂದ.

ವಾದ ಮಾಡಿದರೆ ಉಪಯೋಗವಿದೆಯೇ? ಸತ್ಯ ತೋರಿಸಿದಷ್ಟೂ ಜನ ಹಠ ಹಿಡಿಯುತ್ತಾರೆ ಎಂಬ ಮಾತು 2010ರ ಒಂದು ಅಧ್ಯಯನದಿಂದ ಬಹಳ ಹಬ್ಬಿತು. ಆಮೇಲೆ 10,000ಕ್ಕೂ ಹೆಚ್ಚು ಜನರ ಮೇಲೆ ನೋಡಿದಾಗ ಅಂಥದ್ದು ಹೆಚ್ಚೇನೂ ಕಾಣಲಿಲ್ಲ. ಜನ ಅಂಕಿಅಂಶ ತಿದ್ದಿಕೊಳ್ಳುತ್ತಾರೆ, ಪಕ್ಷ ಬದಲಿಸುವುದಿಲ್ಲ. ಎದುರು ಪಕ್ಷದ ಮಾತನ್ನು ದಿನಾ ಕಣ್ಣಿಗೆ ಹಾಕಿದರೆ ಮನಸ್ಸು ಮೆತ್ತಗಾಗುತ್ತದೆ ಎಂಬುದು ಇನ್ನೊಂದು ನಂಬಿಕೆ. ಟ್ವಿಟರ್ ಬಳಸುವ ಅಮೆರಿಕನ್ನರಿಗೆ ಒಂದು ತಿಂಗಳು ಹಾಗೆ ಮಾಡಿ ನೋಡಿದರು, 2018ರಲ್ಲಿ ಪ್ರಕಟವಾಯಿತು. ರಿಪಬ್ಲಿಕನ್ನರು ಇನ್ನಷ್ಟು ಬಲಕ್ಕೆ ಸರಿದಿದ್ದರು. ಹಾಗಾಗಿ ದೊಡ್ಡಪ್ಪನ ಮಗನನ್ನು ಟ್ರಂಪ್ ವಿಷಯದಲ್ಲಿ ಒಪ್ಪಿಸುವ ಆಸೆ ಬಿಡಿ. 83 ಜನರ ಎದುರು ಯಾರೂ ಸೋಲೊಪ್ಪುವುದಿಲ್ಲ, ತರಗತಿಯಲ್ಲಿ ನೀವೇ ಕಂಡಿರುತ್ತೀರಿ. ಫೋನ್ ಮಾಡಿ. ಮೊದಲು ತೋಟದ ವಿಷಯ ಮಾತಾಡಿ, ಅಡಿಕೆ ರೇಟು ಕೇಳಿ. ಮತ್ತೆ ಗುಂಪಿಗೆ ಸೇರಿಸುವ ಮೊದಲು ಅವನನ್ನೇ ಕೇಳಿ.

ಒಂದು ವಿಷಯ ಮಾತ್ರ ನಿಮ್ಮ ಜಗಳವನ್ನೂ ಮೌನವನ್ನೂ ಸೇರಿಸಬಲ್ಲದು. 2025ರ ಜನವರಿ 20ರಂದು, ಅಧಿಕಾರ ವಹಿಸಿದ ದಿನವೇ, ಟ್ರಂಪ್ ವಿದೇಶಿ ನೆರವನ್ನು 90 ದಿನ ತಡೆಹಿಡಿದರು. ಜುಲೈ 1ಕ್ಕೆ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಎಂಬ ಸಂಸ್ಥೆ ಮುಚ್ಚಿ, ಉಳಿದದ್ದು ವಿದೇಶಾಂಗ ಇಲಾಖೆಗೆ ಸೇರಿತು. ಸುಡಾನಿನಲ್ಲಿ ಊರಿನ ಹುಡುಗರೇ ಸೇರಿ ನಡೆಸುತ್ತಿದ್ದ ಗಂಜಿ ಕೇಂದ್ರಗಳು ಬಹುಮಟ್ಟಿಗೆ ಆ ಹಣದಲ್ಲಿ ನಡೆಯುತ್ತಿದ್ದವು, ನೂರಾರು ಬಾಗಿಲು ಹಾಕಿದವು. ಅಮೆರಿಕನ್ನರ ತೆರಿಗೆ ಹಣ ಅಮೆರಿಕಕ್ಕೇ ಇರಲಿ ಎನ್ನುವವರ ವಾದಕ್ಕೂ ಜಾಗವಿದೆ, ಹೇಳಲಿ. ಆದರೆ ಟ್ರಂಪ್ ಒಳ್ಳೆಯವರೋ ಕೆಟ್ಟವರೋ ಎಂಬಲ್ಲಿಂದ ಶುರುವಾದ ಮಾತಿಗಿಂತ, ಗಂಜಿ ಕೇಂದ್ರದಿಂದ ಶುರುವಾದ ಮಾತು ಬೇರೆ ದಾರಿ ಹಿಡಿಯುತ್ತದೆ.

ಮಗನ ವಿಷಯ. ಅಮೆರಿಕದ ವೀಸಾ ಅರ್ಜಿ 2019ರಿಂದ ಅರ್ಜಿದಾರರ ಐದು ವರ್ಷದ ಸಾಮಾಜಿಕ ಜಾಲತಾಣ ಖಾತೆಗಳ ಹೆಸರು ಕೇಳುತ್ತದೆ. 2025ರ ಜೂನ್‌ನಿಂದ ವಿದ್ಯಾರ್ಥಿಗಳಿಗೆ, ಡಿಸೆಂಬರ್ 15ರಿಂದ ಎಚ್‌-1ಬಿ ಮತ್ತು ಎಚ್‌-4 (ಅವರ ಕುಟುಂಬದವರ ವೀಸಾ) ಅರ್ಜಿದಾರರಿಗೂ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಲು ಸೂಚನೆ ಬಂತು. ಕೇಳುವುದು ಮಗನ ಖಾತೆ, ಅಪ್ಪನದ್ದಲ್ಲ. ಮನೆಯ ವಾಟ್ಸ್‌ಆ್ಯಪ್ ಗುಂಪು ಸಾರ್ವಜನಿಕ ಖಾತೆಯೂ ಅಲ್ಲ. ಆದರೆ ನೀವು ಫೇಸ್‌ಬುಕ್‌ನಲ್ಲಿ ಮಗನನ್ನು ಟ್ಯಾಗ್ ಮಾಡಿ ಹಾಕಿದ್ದು ಅವನ ಗೋಡೆಯಲ್ಲಿ ಕಾಣಬಹುದು. ಅಮೆರಿಕದ ಗಡಿಯಲ್ಲಿ ಅಧಿಕಾರಿಗಳು ಫೋನ್ ತೆರೆದು ನೋಡುವ ಅಧಿಕಾರವನ್ನೂ ಇಟ್ಟುಕೊಂಡಿದ್ದಾರೆ. ಟ್ಯಾಗ್ ಮಾಡಬೇಡಿ, ಅವನ ಹೆಸರಿನಲ್ಲಿ ವಾದ ಮಾಡಬೇಡಿ. ಅವನು ಬೇಕೆಂದರೆ ಕೆಲವು ತಿಂಗಳು ಗುಂಪಿನಿಂದ ಹೊರಗಿರಲಿ, ಅದನ್ನು ಅವಮಾನ ಎಂದುಕೊಳ್ಳಬೇಡಿ. ಅರ್ಜಿಯಲ್ಲಿ ಖಾತೆ ಮುಚ್ಚಿಡುವ ಉಪಾಯ ಮಾತ್ರ ಬೇಡ, ಅದೇ ವೀಸಾ ನಿರಾಕರಣೆಗೆ ಕಾರಣವಾಗಬಹುದು. ಇದಕ್ಕೂ ಹೆಚ್ಚಿನದನ್ನು ವಲಸೆ ವಕೀಲರಲ್ಲಿ ಕೇಳಿ, ನಾನು ಪತ್ರಕರ್ತ.

ನನಗೆ ಭಯವಿರುವುದು ಶಾರ್ಜಾದ ಭಾವನ ಬಗ್ಗೆ. ಸುಡಾನ್ ಯುದ್ಧದ ಸುದ್ದಿಯಲ್ಲಿ ಯುಎಇ ಹೆಸರು ಬರುತ್ತಲೇ ಇರುತ್ತದೆ. ಆರ್‌ಎಸ್‌ಎಫ್‌ಗೆ ಶಸ್ತ್ರ ಕೊಡುತ್ತದೆ ಎಂಬ ಆರೋಪ ಇದೆ, ಯುಎಇ ಅದನ್ನು ಖಡಾಖಂಡಿತ ನಿರಾಕರಿಸುತ್ತದೆ. ಸುಡಾನ್ ಹೂಡಿದ ಮೊಕದ್ದಮೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯ ತನಗೆ ವ್ಯಾಪ್ತಿ ಇಲ್ಲವೆಂದು 2025ರ ಮೇ 5ರಂದು ಕೈಬಿಟ್ಟಿತು. ನೀವು ಪುತ್ತೂರಿನಲ್ಲಿ ಕೂತು ಇದನ್ನು ಚರ್ಚಿಸಬಹುದು. ಆದರೆ ಯುಎಇಯ 2021ರ ಸೈಬರ್ ಕಾನೂನಿನಲ್ಲಿ ಸುಳ್ಳು ಸುದ್ದಿ, ವದಂತಿ ಹಬ್ಬಿಸಿದರೆ ಕನಿಷ್ಠ ಒಂದು ವರ್ಷ ಜೈಲು, ಒಂದು ಲಕ್ಷ ದಿರ್ಹಾಮ್ ದಂಡ ಎಂದಿದೆ. ನೀವು ಹಾಕಿದ್ದನ್ನು ಭಾವ ಅಲ್ಲಿಂದ ಇನ್ನೊಂದು ಗುಂಪಿಗೆ ಒಂದು ಬೆರಳಲ್ಲಿ ದಾಟಿಸಿದರೆ ಹೊರೆ ಅವನದ್ದು. ಈ ಒಂದು ಎಳೆಯನ್ನು ಅವನಿರುವ ಗುಂಪಿನಲ್ಲಿ ಬಿಡಿಸಬೇಡಿ. ಆಸಕ್ತಿ ಇರುವ ಏಳೆಂಟು ಜನರನ್ನು ಕೇಳಿ ಬೇರೆ ಸಣ್ಣ ಗುಂಪು ಮಾಡಿಕೊಳ್ಳಿ. ಅಲ್ಲೂ ಒಂದು ನಷ್ಟವಿದೆ, ಮೊದಲೇ ಆಸಕ್ತಿ ಇದ್ದವರೇ ಉಳಿಯುತ್ತಾರೆ. ಆದ್ದರಿಂದ ವಾರದ ಒಂದು ಸುದ್ದಿ ದೊಡ್ಡ ಗುಂಪಿಗೂ ಇರಲಿ.

ಅಡ್ಮಿನ್ ಆದದ್ದಕ್ಕೇ ಬೇರೆಯವರ ಸಂದೇಶಕ್ಕೆ ನೀವು ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೇ ಹಾಕಿದ್ದಕ್ಕೆ ನೀವು ಹೊಣೆ.

ಕೊನೆಗೆ ಡೆಸ್ಕ್‌ನವನ ಒಂದು ಗುಟ್ಟು. ನಮ್ಮ ಪತ್ರಿಕೆಗಳಲ್ಲಿ ಹುಡುಕುವಾಗ ಎಲ್ ಫಾಶರ್, ಅಲ್ ಫಾಶಿರ್, ಎಲ್ ಫಶೇರ್ ಮೂರನ್ನೂ ಹಾಕಿ ನೋಡಿ. ಅರಬಿಯಲ್ಲಿ ಅಲ್ ಫಾಶಿರ್ ಎಂದಿದ್ದರೂ ಪಾಳಿಯಲ್ಲಿ ಯಾರಿದ್ದರೋ ಅವರ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ನಾವು ಬರೆದದ್ದುಂಟು. ಪತ್ರಿಕೆಯಲ್ಲಿ ಬಂದೇ ಇಲ್ಲ ಎಂದು ನೀವು ಅಂದುಕೊಂಡಿದ್ದರಲ್ಲಿ ಕೆಲವು ಬಂದಿರುತ್ತವೆ, ಬೇರೆ ಕಾಗುಣಿತದಲ್ಲಿ, ಕೆಳಗಿನ ಮೂಲೆಯಲ್ಲಿ, ಫೋಟೊ ಇಲ್ಲದೆ.